ಮಧ್ಯಂತರದಲ್ಲಿ ಎದ್ದು ಬರತಕ್ಕದ್ದು

ಪತ್ರಿಕೆಯ ಸಿನಿಮಾ ವಿಮರ್ಶಕರು ಇನ್ನು ಮುಂದೆ ಯಾವ ಸಿನಿಮಾದ ಕೊನೆಯನ್ನೂ ನೋಡಕೂಡದು ಎಂಬ ನಿರ್ಣಯವು ಯಜಮಾನರ ಕೋಣೆಯಲ್ಲಿ ಸರ್ವಾನುಮತದಿಂದ ಅಂಗೀಕಾರವಾಯಿತು. ಸರ್ವರು ಎಂದರೆ ಯಜಮಾನರು ಮತ್ತು ಅವರ ಅತ್ತೆ. ವಿಮರ್ಶಕನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು.

ಈ ವಿಮರ್ಶಕ ಇದ್ದಾನಲ್ಲ, ಇವನಿಗೆ ಪುಟ್ಟ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಕತ್ತಲಲ್ಲೇ ಬರೆಯುವ ಚಾಳಿ. ಅದಕ್ಕೇ ಊರಿಗೆಲ್ಲ ಟಾರ್ಚಪ್ಪ. ಹೊಡೆದಾಟದ ಸಿನಿಮಾ, ಕೊಲೆಯ ಸಿನಿಮಾ, ಎರಡೂ ಇವನ ಪಾಲು. ಹೊಸದಾದರೆ ಶುಕ್ರವಾರ, ಹಳೆಯ ಮೆಚ್ಚಿನದಾದರೆ ಭಾನುವಾರ. ಬರವಣಿಗೆ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಬೇಕು. ಹೊಟ್ಟೆಯಲ್ಲಿ ಮಾತ್ರ ಒಂದು ಮಾತು ನಿಲ್ಲುತ್ತಿರಲಿಲ್ಲ. ಯಾವುದೋ ಸಿನಿಮಾಕ್ಕೆ 'ಹಲ್ಲಿನ ಡಾಕ್ಟರೇ ಕೊಲೆಗಾರ ಎಂದು ತಿಳಿದಾಗ ಮೈ ಜುಮ್ಮೆನ್ನುತ್ತದೆ' ಎಂದು ತಲೆಬರಹವನ್ನೇ ಕೊಟ್ಟುಬಿಟ್ಟ.

ಅದನ್ನು ಓದಿಕೊಂಡು ಸಿನಿಮಾಕ್ಕೆ ಹೋದವರು ಯಜಮಾನರ ಅತ್ತೆ. ಪರದೆಯ ಮೇಲೆ ಹಲ್ಲಿನ ಡಾಕ್ಟರು ನಗುತ್ತಾ ಬಂದದ್ದೇ ತಡ, ಆಯಮ್ಮ ಸೀಟಿನಿಂದ ಎದ್ದು ನಿಂತು, "ಇವನೇ ಕಣ್ರೋ, ಬಾಗಿಲು ಹಾಕ್ಕೊಳ್ಳಿ" ಅಂದರಂತೆ. ಜನ ದಂಡು ಕಟ್ಟಿಕೊಂಡು ಹೋಗಿ ಟಿಕೆಟ್ಟಿನ ದುಡ್ಡು ವಾಪಸ್ ಕೇಳಿದರು. ಥಿಯೇಟರು ಯಾರದಪ್ಪ ಅಂದರೆ ಆಯಮ್ಮನ ಮಗನದೇ, ಅಂದರೆ ಯಜಮಾನರ ಬಾಮೈದನದು. ಹೀಗೆ ಮನೆಯ ಜಗಳ ಕಚೇರಿಯ ನಿಯಮವಾಯಿತು.

ಯಜಮಾನರು ಟಾರ್ಚಪ್ಪನನ್ನು ಒಳಗೆ ಕರೆದರು.

"ಕೊನೆ ಗೊತ್ತಿದ್ರೆ ತಾನೆ ನೀನು ಬಾಯಿ ಬಿಡೋದು? ಗೊತ್ತೇ ಇಲ್ಲದಿದ್ರೆ?"

"ಸರ್, ಕೊನೆ ನೋಡದೆ ವಿಮರ್ಶೆ ಹೇಗೆ ಬರೀಲಿ?"

"ನಾನು ದಿನಾ ದೇಶದ ಬಗ್ಗೆ ಸಂಪಾದಕೀಯ ಬರೀತೀನಿ. ಅದರ ಕೊನೆ ನೋಡಿದೀನಾ?"

ಮಧ್ಯಾಹ್ನದೊಳಗೆ ನೀರಿನ ಡ್ರಮ್ಮಿನ ಪಕ್ಕದ ಗೋಡೆಗೆ ಪ್ರಕಟಣೆ ಅಂಟಿಸಿದರು.

'ಓದುಗರ ಕುತೂಹಲವನ್ನು ರಕ್ಷಿಸುವ ಸಲುವಾಗಿ, ವಿಮರ್ಶಕರು ಮಧ್ಯಂತರದಲ್ಲಿ ಎದ್ದು ಬರತಕ್ಕದ್ದು. ಕೊಲೆಗಾರ ಯಾರೆಂಬ ಅನುಮಾನ ಮೊದಲೇ ಮೂಡಿದಲ್ಲಿ, ಮೂಡಿದ ಕ್ಷಣವೇ ಎದ್ದು ಬರತಕ್ಕದ್ದು. ಹಳೆಯ ಸಿನಿಮಾಗಳ ಅಂತ್ಯವನ್ನು ಪೂರ್ತಿ ಮರೆತಿರುವುದಾಗಿ ವೈದ್ಯರಿಂದ ದೃಢಪಡಿಸಿಕೊಳ್ಳತಕ್ಕದ್ದು. ತಪ್ಪಿದಲ್ಲಿ ಕೆಲಸದಿಂದ ತೆಗೆಯಲಾಗುವುದು.'

ಕಚೇರಿಗೆ ಗೊತ್ತಿದ್ದ ವೈದ್ಯರು ಒಬ್ಬರೇ, ಕಿವಿ ಮೂಗು ಗಂಟಲಿನವರು. ಅವರು ಟಾರ್ಚಪ್ಪನ ಕಿವಿಯೊಳಗೆ ಇಣುಕಿ ನೋಡಿ ಪರೀಕ್ಷೆ ಶುರು ಮಾಡಿದರು.

"ಆ ರೈಲಿನ ಸಿನಿಮಾ ಇದೆಯಲ್ಲ, ಕೊನೆಗೆ ಏನಾಗತ್ತೆ?"

"ನೆನಪಿಲ್ಲ ಡಾಕ್ಟ್ರೇ."

"ಎಂಜಿನ್ ಡ್ರೈವರ್ ಸಾಯ್ತಾನೆ ಅಲ್ವಾ?"

"ಅವನೆಲ್ಲಿ ಸಾಯ್ತಾನೆ, ಸೇತುವೆ ಮೇಲಿಂದ ಹಾರ್ಕೋತಾನೆ."

"ಮರೆವು ಇನ್ನೂ ಹತ್ತಿಲ್ಲ. ಮುಂದಿನ ವಾರ ಬನ್ನಿ," ಅಂದರು ವೈದ್ಯರು. ಹೀಗಾಗಿ ಭಾನುವಾರದ ಅಂಕಣದ ಜಾಗದಲ್ಲಿ ಕೆಮ್ಮಿನ ಔಷಧಿಯ ಜಾಹೀರಾತು ಬಂತು. ಓದುಗರು ಅದನ್ನೂ ಮೆಚ್ಚಿಕೊಂಡರು.

ಮುಂದಿನ ಶುಕ್ರವಾರ ಬಿಡುಗಡೆಯಾದದ್ದು ಲಿಫ್ಟಿನ ಸಿನಿಮಾ. ಎತ್ತರದ ಕಟ್ಟಡ. ಮೇಲಿನ ಮಹಡಿಯಲ್ಲಿ ಏಳು ಜನ ಲಿಫ್ಟ್ ಹತ್ತುತ್ತಾರೆ. ನಡುವೆ ಎಲ್ಲೂ ನಿಲ್ಲುವುದಿಲ್ಲ. ಕೆಳಗೆ ಬಾಗಿಲು ತೆರೆದಾಗ ಒಳಗಿರುವುದು ಆರೇ ಜನ, ನೆಲದ ಮೇಲೆ ಒಂದು ಒದ್ದೆ ಚಪ್ಪಲಿ. ಅಷ್ಟಕ್ಕೆ ದೀಪ ಹತ್ತಿತು. ಟಾರ್ಚಪ್ಪ ನಿಯಮದಂತೆ ಎದ್ದು ಬಂದ. ಬಂದನೇ ಹೊರತು ಪ್ರಾಣವೆಲ್ಲ ಆ ಲಿಫ್ಟಿನಲ್ಲೇ ಉಳಿಯಿತು. ಊಟಕ್ಕೆ ಕೂತರೆ ತಟ್ಟೆಯಲ್ಲಿ ಚಪ್ಪಲಿ ಕಾಣುತ್ತಿತ್ತಂತೆ. ಇಷ್ಟು ವರ್ಷ ಊರಿಗೆಲ್ಲ ಕೊಲೆಗಾರನನ್ನು ತೋರಿಸಿಕೊಟ್ಟವನಿಗೆ ಈ ಒಬ್ಬ ಕೊಲೆಗಾರ ಸಿಗದೆ ಹೋದ.

ಸಂಕಟ ಏನೆಂದರೆ, ಅವನ ಹೆಂಡತಿ ತಂಗಿಯನ್ನು ಕಟ್ಟಿಕೊಂಡು ಹೋಗಿ ಅದೇ ಸಿನಿಮಾವನ್ನು ಪೂರ್ತಿ ನೋಡಿ ಬಂದಿದ್ದಳು.

"ಯಾರೇ ಮಾಡಿದ್ದು?"

"ನಾನ್ಯಾಕೆ ಹೇಳ್ಲಿ? ನಾಳೆ ನೀವು ಪೇಪರಲ್ಲಿ ಹಾಕ್ತೀರಿ, ಕೆಲಸ ಹೋಗತ್ತೆ, ಆಮೇಲೆ ಇಡೀ ದಿನ ಮನೇಲಿ ಕೂತು ನನ್ನ ತಲೆ ತಿಂತೀರಿ."

"ಲಿಫ್ಟ್ ನಡೆಸೋನಾ? ಅದನ್ನಾದ್ರೂ ಹೇಳೇ."

"ಪಾತ್ರೆ ತೊಳೀರಿ, ಯೋಚನೆ ಮಾಡ್ತೀನಿ."

ಅವನು ಪಾತ್ರೆ ತೊಳೆದ. ಬಟ್ಟೆ ಒಗೆದ. ನಾದಿನಿಯ ಮನೆಯ ಫ್ಯಾನೂ ಒರೆಸಿ ಬಂದ. ಹೆಂಡತಿ ಯೋಚನೆ ಮಾಡುತ್ತಲೇ ಇದ್ದಳು. ಗಂಡ ಇಷ್ಟು ಹದಕ್ಕೆ ಬಂದಿರುವಾಗ ಯಾವ ಹೆಂಗಸು ಬಾಯಿ ಬಿಡುತ್ತಾಳೆ ಹೇಳಿ.

ಬಟ್ಟೆ ಒಗೆಯುವ ಗಂಡಸಿನ ಸುದ್ದಿ ಬೀದಿ ದಾಟಲು ಎಷ್ಟು ಹೊತ್ತು? ಕಚೇರಿಗೆ ಮುಟ್ಟಿತು. ಎರಡನೆಯ ಪ್ರಕಟಣೆ ಬಂತು. 'ವಿಮರ್ಶಕರ ಧರ್ಮಪತ್ನಿಯವರು ಅಂತ್ಯ ಬಲ್ಲವರಾಗಿರುವುದು ಗಮನಕ್ಕೆ ಬಂದಿರುತ್ತದೆ. ಆದ್ದರಿಂದ ದಂಪತಿಗಳು ಪರಸ್ಪರ ಮಾತನಾಡುವಾಗ ಪತ್ರಿಕೆಯ ಪರವಾಗಿ ಒಬ್ಬರು ಹಾಜರಿರತಕ್ಕದ್ದು.' ಹಾಜರಿರಲು ಮುಂದೆ ಬಂದವರು ಯಜಮಾನರ ಅತ್ತೆಯೇ. ಪ್ರತಿ ಸಂಜೆ ಬರುವರು, ಗಂಡ ಹೆಂಡಿರ ನಡುವಿನ ಕುರ್ಚಿಯಲ್ಲಿ ಕೂರುವರು, ಊಟ ಮುಗಿಸಿ, ಸಾರಿಗೆ ಉಪ್ಪು ಕಡಿಮೆ ಎಂದು ಟಿಪ್ಪಣಿ ಕೊಟ್ಟು ಹೋಗುವರು.

ಇತ್ತ ಥಿಯೇಟರಿನಲ್ಲಿ ಬೇರೆಯೇ ನಡೆಯುತ್ತಿತ್ತು. ಟಾರ್ಚಪ್ಪ ಮಧ್ಯಂತರಕ್ಕೆ ಎದ್ದು ಮನೆಗೆ ಹೊರಡುವುದನ್ನು ಜನ ಕಂಡರು. ತಿಳಿದವನೇ ಎದ್ದು ಹೋಗುತ್ತಿದ್ದಾನೆ, ನಾವೇಕೆ ಕೂರಬೇಕು ಎಂದು ಅವರೂ ಎದ್ದರು. ಬಾಮೈದ ಮೊದಲು ತಲೆ ಚಚ್ಚಿಕೊಂಡ. ಆಮೇಲೆ ನೋಡಿದರೆ, ಎದ್ದವರು ಮನೆಗೆ ಹೋಗುತ್ತಿಲ್ಲ. ತಿಂಡಿ ಅಂಗಡಿಯ ಮುಂದೆ ನಿಂತು, ಕೊಲೆಗಾರ ಯಾರಿರಬಹುದು ಎಂದು ವಾದ ಮಾಡುತ್ತಾ ಪಾಪ್‌ಕಾರ್ನ್ ಮೇಲೆ ಪಾಪ್‌ಕಾರ್ನ್ ಮುಕ್ಕುತ್ತಿದ್ದಾರೆ. ಜೊತೆಗೆ ಥಿಯೇಟರೂ ಬೇಗ ಖಾಲಿ. ಒಂದು ಆಟದ ಹೊತ್ತಿನಲ್ಲಿ ಎರಡು ಆಟ.

"ಅಮ್ಮಾ, ಇನ್ಮೇಲೆ ಉಳಿದರ್ಧ ಹಾಕೋದೇ ಬೇಡ," ಅಂದ.

"ಕರೆಂಟೂ ಉಳಿಯತ್ತೆ ಬಿಡು," ಅಂದರು ತಾಯಿ.

ಸಿನಿಮಾ ತೆಗೆಯುವವರಿಗೆ ಇದು ಗೊತ್ತಾಗಿ, ಅವರೂ ನಿಟ್ಟುಸಿರು ಬಿಟ್ಟು ಉಳಿದರ್ಧ ತೆಗೆಯುವುದನ್ನು ನಿಲ್ಲಿಸಿದರು. ಖಳನಾಯಕರಿಗೆ ಕೊಡುವ ಸಂಬಳದಲ್ಲಿ ಅರ್ಧ ಉಳಿಯಿತು. ನಾಯಕರಿಗೆ ಪೂರ್ತಿ ಕೊಟ್ಟರು, ಅದು ಬೇರೆ ಮಾತು. ಲಿಫ್ಟಿನ ಸಿನಿಮಾದ ಉಳಿದರ್ಧವನ್ನೂ ಎಲ್ಲ ಕಡೆಯಿಂದ ಹಿಂದಕ್ಕೆ ತರಿಸಿಕೊಂಡು ಅಳಿಸಿಹಾಕಿದರು. ಊರಲ್ಲಿ ಅದನ್ನು ನೋಡಿದ್ದವರು ಅಕ್ಕ ತಂಗಿ ಇಬ್ಬರೇ. ಅವರಲ್ಲಿ ನಾದಿನಿ ಚಪ್ಪಲಿ ಕಂಡಾಗಲೇ ಹೆದರಿ ಕಣ್ಣು ಮುಚ್ಚಿಕೊಂಡಿದ್ದವಳು, ಲೆಕ್ಕಕ್ಕಿಲ್ಲ.

ಈ ಸುದ್ದಿ ಕೇಳಿದ ಟಾರ್ಚಪ್ಪ ಆ ಸಂಜೆ ತಟ್ಟೆ ಪಕ್ಕಕ್ಕೆ ತಳ್ಳಿ, ಆಯಮ್ಮನ ಭುಜದ ಮೇಲಿಂದ ಹೆಂಡತಿಗೆ ಹೇಳಿದ: "ಕೆಲಸ ಹೋದ್ರೆ ಹೋಗ್ಲಿ ಕಣೇ. ನಂಗೆ ತಡೆಯೋಕಾಗ್ತಿಲ್ಲ. ಇನ್ನು ಆ ಕೊನೆ ಇರೋದು ನಿನ್ನ ತಲೇಲಿ ಮಾತ್ರ. ನೀನೂ ಮರೆತುಬಿಟ್ರೆ ನಾನು ಎಲ್ಲಿ ಹೋಗ್ಲಿ?"

ಅವನ ಕಣ್ಣಲ್ಲಿ ನೀರು ಬಂದಿತ್ತು. ಹೆಂಡತಿ ಕರಗಿದಳು. ಎಷ್ಟಾದರೂ ಕಟ್ಟಿಕೊಂಡವನು.

"ಇವರು ಇದಾರಲ್ಲ," ಅಂದಳು ಆಯಮ್ಮನನ್ನು ತೋರಿಸಿ.

"ನಾನೇನು ಮನುಷ್ಯಳಲ್ವೇನೇ?" ಅಂದರು ಆಯಮ್ಮ. "ಆ ಚಪ್ಪಲಿ ಯಾರದು ಅಂತ ನಂಗೂ ರಾತ್ರಿಯೆಲ್ಲ ಅದೇ ಯೋಚನೆ. ಹೇಳು. ನಿನ್ನ ಗಂಡನ ಕೆಲಸಕ್ಕೆ ನಾನು ಜವಾಬ್ದಾರಿ."

ಹೆಂಡತಿ ಕೈ ತೊಳೆದು ಬಂದು ಕೂತಳು. ಚೆನ್ನಾಗಿಯೇ ಹೇಳಿದಳು. ಪೊಲೀಸರು ಬಂದದ್ದು, ಆರು ಜನರ ಕಾಲಿನ ಅಳತೆ ತೆಗೆದದ್ದು, ಅವರಲ್ಲಿ ಒಬ್ಬಳು ಕಾಲು ಹಿಂದಕ್ಕೆಳೆದುಕೊಂಡದ್ದು, ಆಗಲೇ ಲಿಫ್ಟಿನ ಚಾವಣಿಯಿಂದ ಒಂದು ತೊಟ್ಟು ನೀರು ಬಿದ್ದದ್ದು. ಟಾರ್ಚಪ್ಪ ಉಸಿರು ಬಿಗಿಹಿಡಿದಿದ್ದ. ಆಯಮ್ಮ ಅವನ ತೋಳು ಹಿಡಿದಿದ್ದರು.

"ಇನ್‌ಸ್ಪೆಕ್ಟರು ಮೇಲೆ ನೋಡ್ತಾನೆ. ಚಾವಣಿಯ ಮುಚ್ಚಳ ಸರಿಯತ್ತೆ. ಅಲ್ಲಿಂದ ಒಂದು ಮುಖ..."

ಇಬ್ಬರೂ ಎದ್ದು ನಿಂತರು. ಒಬ್ಬರನ್ನೊಬ್ಬರು ನೋಡಿಕೊಂಡು ಎದ್ದದ್ದಲ್ಲ. ಕಾಲುಗಳು ತಾವಾಗಿಯೇ ಎದ್ದವು. ಬಾಗಿಲಿನ ಕಡೆ ನಡೆದರು.

"ರೀ, ಎಲ್ಲಿಗೆ? ಯಾರು ಅಂತ ಬೇಡ್ವಾ?"

"ಅಯ್ಯೋ, ಅದನ್ನ ಹೇಳಿ ಹಾಳು ಮಾಡ್ಬೇಡ ಕಣೇ," ಅಂದ ಟಾರ್ಚಪ್ಪ. ತಿಂಗಳುಗಟ್ಟಲೆ ಕಾಣದಿದ್ದ ನೆಮ್ಮದಿ ಮುಖದಲ್ಲಿತ್ತು.

"ಚೆನ್ನಾಗಿ ತೆಗೆದಿದ್ದಾರೆ," ಎಂದರು ಆಯಮ್ಮ, ಜಗಲಿಯಲ್ಲಿ ನಿಂತು ಸೆರಗು ಸರಿಮಾಡಿಕೊಳ್ಳುತ್ತಾ. "ತಿನ್ನೋಕೆ ಏನಿದೆ?"

ಹೆಂಡತಿ ಒಳಗೆ ಹೋಗಿ ಕಡಲೆಕಾಯಿ ಹುರಿದು ಕೊಟ್ಟಳು. ಆಯಮ್ಮ ದುಡ್ಡು ಕೊಟ್ಟರು, ಅವಳು ತೆಗೆದುಕೊಂಡಳು. ಶುಕ್ರವಾರದ ಪತ್ರಿಕೆಯಲ್ಲಿ ಟಾರ್ಚಪ್ಪನ ವಿಮರ್ಶೆ ಬಂತು: 'ನಿರೂಪಣೆ ಬಿಗಿಯಾಗಿದೆ. ಕುಟುಂಬ ಸಮೇತ ಕೇಳಬಹುದು.' ಸಂಜೆಯ ಹೊತ್ತಿಗೆ ಅವರ ಮನೆಯ ಗೇಟಿನ ಮುಂದೆ ಜನ ಸಾಲು ನಿಂತಿದ್ದರು. ಯಾರೂ ಕೊನೆಯವರೆಗೆ ಕೂರುವ ಉದ್ದೇಶದಿಂದ ಬಂದಿರಲಿಲ್ಲ.