ದನದ ಡಾಕ್ಟರ್ ಸಮುದ್ರಕ್ಕ ಹಲಗಿ ಆರಿಸಿದ್ದು

ಸಮುದ್ರ ಇಲ್ಲದ ಊರಾಗ ಸಮುದ್ರದ ಹುಚ್ಚು ಹಿಡಿಸ್ಕೊಂಡಾವನ ಹಣೇಬರಾನ ಇಷ್ಟು. ಸುಮ್ಮನ ಕುಂತ್ರೂ ಏನರೆ ಒಂದು ಆಗತೈತಿ, ಮಂದಿ ನಗತಾರ. ನಾ ಮೂಡಲಗಿ ಕಡೆ ದನದ ಡಾಕ್ಟರ್. ಮನಿ ಗೋಕಾಕದಾಗ. ರಜಾ ಸಿಕ್ತಂದ್ರ ಗೋಕರ್ಣಕ್ಕ ಓಡಿಹೋಗಿ, ಹಲಗಿ ಮ್ಯಾಲೆ ನಿಂತು ತೆರಿ ಜೋಡಿ ಜಾರಿಕೋತ ದಂಡಿಗೆ ಬರೂದು ನನ್ನ ಚಟ. ಅದಕ್ಕ ಸರ್ಫಿಂಗ್ ಅಂತಾರ.

ಇಷ್ಟು ವರ್ಷ ಕಲಿಯಾವರಿಗೆ ಕೊಡೂ ಬಾಗಲದಂಥಾ ದೊಡ್ಡ ಮೆತ್ತನ್ನ ಹಲಗಿ ಮ್ಯಾಲೆ ನಿಂತೆ. ಹೋದ ಸಲ ಅಲ್ಲಿ ಕಲಿಸೂ ಗುರು ಹೇಳಿದ: "ಡಾಕ್ಟ್ರೇ, ಇನ್ನು ನಿಮ್ಮದೇ ಒಂದು ಶಾರ್ಟ್‌ಬೋರ್ಡ್, ಅಂದ್ರೆ ಗಿಡ್ಡ ಹಲಗೆ, ತಕೊಳ್ಳಿ. ಆದ್ರೆ ತೀರಾ ಸಣ್ಣದಕ್ಕೆ ಆಸೆ ಪಡಬೇಡಿ. ಅದು ನಿಮ್ಮ ತೂಕ ಹೊರದಿದ್ರೆ ಒಂದು ತೆರೆಯೂ ಸಿಗೂದಿಲ್ಲ. ಹಾಗೆ ಬೇಸರ ಬಂದು ಸಮುದ್ರವನ್ನೇ ಬಿಟ್ಟವರನ್ನ ನಾನು ನೋಡಿದ್ದೇನೆ."

ಆ ಮಾತಿಗೆ ಅಂಜಿದೆ. ದಿನಾ ಆಕಳ ಬಾಲದ ಹಿಂದ ನಿಂದ್ರಾವಂಗ ಅದೊಂದ ಖುಷಿ, ಅದೂ ಹೋದ್ರ ಏನ ಉಳೀತು? ಖರೆ ಹೇಳಬೇಕಂದ್ರ, ಮನಸ್ಸು ಮಾತ್ರ ಅಲ್ಲಿ ಹುಡುಗೂರ ಕೈಯಾಗಿನ ಸಣ್ಣ, ತೆಳ್ಳನ್ನ ಹಲಗಿ ಮ್ಯಾಲೆನ ಇತ್ತು.

ತುಕ್ಕಾನಟ್ಟ್ಯಾಗ

ಹಲಗಿ ಎಷ್ಟು ತೇಲತೈತಿ ಅನ್ನೂದನ್ನ ಲೀಟರ್‌ಲೆ ಅಳೀತಾರ. ಮನಷ್ಯಾ ದಪ್ಪ ಇದ್ದಷ್ಟು ಲೀಟರ್ ಹೆಚ್ಚು ಬೇಕು. ತುಕ್ಕಾನಟ್ಟಿ ಅನ್ನೂ ಹಳ್ಳ್ಯಾಗ ಒಬ್ಬ ರೈತರ ಎಮ್ಮಿಗೆ ಸೂಜಿ ಮಾಡಿ ಕೈ ತೊಳಕೊಳ್ಳೂದ್ರಾಗ ಗುರುವಿನ ಫೋನ್ ಬಂತು, ಅಂಗಡ್ಯಾಗ ಎರಡು ಹಲಗಿ ಅದಾವ, ಯಾವುದು ಬೇಕು ಅಂತ.

"ಇಪ್ಪತ್ತೆಂಟು ಲೀಟರಿಂದು ಭಾಳ ಚಂದ ಐತ್ರಿ," ಅಂದೆ ನಾ. "ನಾಲ್ವತ್ತು ಲೀಟರಿಂದು ಬ್ಯಾಡ್ರಿ. ದಪ್ಪ ಕಾಣತೈತಿ, ಮಂದಿ ನಗತಾರ."

ಫೋನ್ ಇಟ್ಟು ಹೊಳ್ಳಿ ನೋಡಿದ್ರ ಆ ರೈತರು ಬಾಯಿ ತಕ್ಕೊಂಡು ನಿಂತಾರ. "ಡಾಕ್ಟರ್‌ರ, ದಿನಕ್ಕ ನಾಲ್ವತ್ತು ಲೀಟರ್ ಹಾಲು?"

"ಅಲ್ರಿ ಕಾಕಾ, ಅದು ಹಲಗಿ..."

ಅವರೆಲ್ಲಿ ಕೇಳತಾರ? "ದನದ ಡಾಕ್ಟರ್ ಆಗಿ, ನಾಲ್ವತ್ತು ಲೀಟರ್ ಕೊಡೂದು ಬಿಟ್ಟು, ಚಂದ ಐತಿ ಅಂತ ಇಪ್ಪತ್ತೆಂಟರದ್ದು ತರತೀರಿ? ಅಯ್ಯ ಶಿವನ, ನಿಮ್ಮ ಕೈಲೆ ನನ್ನ ಎಮ್ಮಿಗೆ ಸೂಜಿ ಮಾಡಿಸಿದ್ನೆಲ್ರಿ!"

ಉಳ್ಳಾಗಡ್ಡಿ

ಎರಡೂ ಹಲಗಿ ಅಳತಿ ತಿಳಕೊಂಡು, ಮನಿ ಅಂಗಳದಾಗ ಸೀಮೆಸುಣ್ಣಲೆ ಒಂದರ ಬಾಜೂ ಒಂದು ಬರದೆ. ಯಾವುದು ನನಗ ಒಗ್ಗತೈತಿ ನೋಡೂನು ಅಂತ, ಅದ್ರಾಗ ಬೋರಲ ಮಲಗೂದು, ಕೈಲೆ ನೀರು ಸರಿಸಿದಂಗ ಮಾಡೂದು, ಟಕ್ಕನ ಪುಟದ ನಿಂದ್ರೂದು, ಮತ್ತ ಧಪ್ಪನ ಮಲಗೂದು.

ಬಾಜೂ ಮನಿ ಟೇಲರ್ ಚಾಚಾ ಗ್ವಾಡಿ ಮ್ಯಾಲಿಂದ ಇದನ್ನ ನೋಡ್ಯಾರ. ನಾ ಇನ್ನೊಮ್ಮೆ ಮಲಗೂದ್ರಾಗ ಓಡಿಬಂದು ನನ್ನ ಕೈಯಾಗ ಕಬ್ಬಿಣದ ಕತ್ತರಿ ತುರಕಿ, ಮೂಗಿಗೆ ಒಡದ ಉಳ್ಳಾಗಡ್ಡಿ ಒತ್ತಿ ಹಿಡಿದ್ರು.

"ಬಿಡ್ರಿ ಚಾಚಾ, ನನಗ ಏನೂ ಆಗಿಲ್ಲ!"

"ಫಿಟ್ಸ್ ಬಂದಾವ್ರು ಎಲ್ಲಾರೂ ಹಂಗ ಅಂತಾರ್ರಿ ಸಾಹೇಬ್ರ. ಮೂಸ್ರಿ, ಮೂಸ್ರಿ."

ಕಣ್ಣೀರು ಸುರಿಸಿಕೋತ ಅವರಿಗೆ ಎಲ್ಲಾ ತಿಳಿಸಿ ಹೇಳಿದೆ. ಚಾಚಾ ಸಮಾಧಾನ ಆಗಿ, ಸಣ್ಣ ಹಲಗಿ ಗೆರಿ ನೋಡಿದ್ರು, ಆಮ್ಯಾಲೆ ನನ್ನ ಕೆಳಗಿಂದ ಮ್ಯಾಲಿನ ತನಕ ನೋಡಿದ್ರು. "ಇದ್ರಾಗ ನೀವು ಹಿಡಸೂದಿಲ್ರಿ. ಹೊಲಗಿ ಬಿಚ್ಚಿ ಸಡ್ಲ ಮಾಡೂನು ಅಂದ್ರ ಬಟ್ಟಿನೂ ಉಳದಿಲ್ಲ."

ಅವ್ವ

ಇಷ್ಟಾದ್ರೂ ನನಗ ಬುದ್ಧಿ ಬರಲಿಲ್ಲ. ಸಣ್ಣದನ್ನ ತರೂದು ಅಂತ ಗಟ್ಟಿ ಮಾಡಿ ಹೊಂಟೆ. "ಸಮುದ್ರ ನಾನೂ ನೋಡಬೇಕೋ" ಅಂತ ಅವ್ವ ಗಂಟ ಬಿದ್ಲು. ಆಕಿ ಹಟಕ್ಕ ಮದಲ ನಿಡಸೋಸಿ ಮಠಕ್ಕ ಹೋಗಿ ಕೈ ಮುಗದು, ಆಮ್ಯಾಲೆ ಗೋಕರ್ಣದ ಹಾದಿ ಹಿಡದ್ವಿ.

ಅಂಗಡ್ಯಾಗ ಆ ತೆಳ್ಳನ್ನ ಹಲಗಿ ಕಂಡಿದ್ದ ತಡ, ಬಗಲಾಗ ಹಿಡಕೊಂಡು ನಿಂತೆ. ಅವ್ವ ಹಲಗಿ ಹೊಳ್ಳಿಸಿ ನೋಡಿದ್ಲು. ತೆರ್‍ಯಾಗ ನೆಟ್ಟಗ ಹೋಗಲಿ ಅಂತ ಅದರ ಕೆಳಗ ಮೀನಿನ ರೆಕ್ಕಿಯಂಥಾವು ಇರತಾವ.

"ಮೂರ ಅದಾವಲ್ಲೋ! ಇದು ಬ್ಯಾಡ."

ನಮ್ಮ ಮನ್ಯಾಗ ತಾಟಿಗೆ ಮೂರು ರೊಟ್ಟಿ ಹಾಕೂದಿಲ್ಲ. ಮೂರು ಮಂದಿ ಕೂಡಿ ಹೆಣ್ಣು ನೋಡಾಕ ಹೋಗೂದಿಲ್ಲ. "ಅವ್ವಾ, ಇದೇನ ರೊಟ್ಟಿ ಅಲ್ಲ" ಅಂದೆ.

"ನೀರಿಗೆ ಹೋಗಾಂವ ನೀ. ದಂಡಿ ಮ್ಯಾಲೆ ಜೀವ ಕೈಯಾಗ ಹಿಡಕೊಂಡು ಕುಂದ್ರಾಕಿ ನಾ."

ಗುರು ಲಗೂನ ನಾಲ್ವತ್ತು ಲೀಟರಿನ ದಪ್ಪಂದು ತಂದು ಹೊಳ್ಳಿಸಿ ತೋರಿಸಿದ. "ಅಮ್ಮ, ಇದಕ್ಕೆ ನಾಲ್ಕುಂಟು." ಅವ್ವ ಅದಕ್ಕ ಕುಂಕುಮಾ ಹಚ್ಚೇಬಿಟ್ಲು. ಇನ್ನ ಮಾತ ಮುಗೀತು.

ಮಾರಿ ಗಂಟ ಹಾಕ್ಕೊಂಡು ನೀರಿಗಿಳದೆ. ಮದಲ ನಾಕೈದು ತೆರಿ ನನ್ನ ಎತ್ತಿ ಒಗದ್ವು. ಮತ್ತೊಂದು ಬಂತು. ಹಲಗಿ ನನ್ನ ಹೊತ್ತು ಸುಮ್ಮನ ಮುಂದ ಸರೀತು, ಎದ್ದು ನಿಂತೆ, ತೆರಿ ಮುರಿಯೂ ಅಂಚಿಗುಂಟ ಜಾರಿಕೋತ ದಂಡಿಗೆ ಬಂದೆ. ಮರಳಾಗ ಕುಂತು ಅತ್ತಬಿಟ್ಟೆ. ಹುಡುಗೂರು ನೋಡತಾರ ಅಂತ ಸಣ್ಣದು ತಗೊಂಡಿದ್ರ ಈ ಖುಷಿನ ನಾ ಕಳಕೋತಿದ್ದೆ. ಸಮುದ್ರಕ್ಕ ನಾ ಹೆಂಗ ಕಾಣತೇನಿ ಅನ್ನೂದರ ಚಿಂತಿ ಇರಲೇ ಇಲ್ಲ, ಆ ಚಿಂತಿ ಎಲ್ಲಾ ನನಗ ಇತ್ತು.

ಅವ್ವನ ಕಾಲ ಮುಟ್ಟಿ, "ನೀ ಆ ಮೂರರ ಮಾತು ತಗದಿದ್ದು ಛಲೋ ಆತು ನೋಡವ್ವಾ" ಅಂದೆ.

ಅವ್ವ ಸೆರಗಲೆ ನನ್ನ ತಲಿ ಒರಸಿ, "ಮೂರಕ್ಕ ಏನಾಗೇತೋ ಹುಚ್ಚಾ? ಶಿವನ ಕಣ್ಣ ಮೂರು, ಪತ್ರಿ ಎಲಿ ಮೂರು. ಆ ಸಣ್ಣದು ನಿನ್ನ ಹೊರೂದಿಲ್ಲ ಅಂತ ನೋಡಿದ ಕೂಡ್ಲೆ ತಿಳೀತು ನನಗ. ಖರೆ ನೀ ದಪ್ಪ ಅದಿ ಅಂತ ಮಂದಿ ಮುಂದ ಹೇಳಿದ್ರ ನಿನ್ನ ಮರ್ಯಾದಿ ಏನ ಉಳೀತಿತ್ತು?" ಅಂದ್ಲು.

ಅವ್ವಂದು ಮದಲೇ ದೊಡ್ಡ ದನಿ. ತೆರಿ ಸಪ್ಪಳದಾಗ ಕೇಳಲಿಕ್ಕಿಲ್ಲ ಅಂತ ಇನ್ನೂ ಜೋರ ಮಾಡಿದ್ಲು. ದಂಡಿ ಮ್ಯಾಲಿನ ಮಂದಿ ಅಷ್ಟೂ ಹೊಳ್ಳಿ ನನ್ನ ಹೊಟ್ಟಿ ನೋಡಿದ್ರು.