ನರ್ಸಮ್ಮನ ಸ್ವಂತ ಅಭಿಪ್ರಾಯ

ಗಾಂಧಿ ಚೌಕದ ಹತ್ತಿರ ಮಾಳಿಗೆ ಮೇಲಿನ ಕೋಣೆಯಲ್ಲಿ ದಿನಾ ಸಂಜೆ ಊದಿನಕಡ್ಡಿ ಹಚ್ಚಿ, ಶಿವನಿಗೆ ಕೈಮುಗಿದು ಇಂಗ್ಲಿಷ್ ಮಾತಿನ ಪಾಠ ಶುರುಮಾಡುತ್ತೇನೆ. ನಗುವ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋದವನಲ್ಲ; ಅವೇ ಮೆಟ್ಟಿಲು ಹತ್ತಿ ಬರುತ್ತವೆ. ಬಿಜ್ಜರಗಿಯ ಈ ನರ್ಸಮ್ಮನ ಜೊತೆ ಬಂದಷ್ಟು ಮಾತ್ರ ಯಾರ ಜೊತೆಗೂ ಬಂದಿಲ್ಲ. ಹೊರದೇಶದ ಆಸ್ಪತ್ರೆಯೊಂದು ಆಕೆಗಾಗಿ ಕೆಲಸ ಕಾದಿರಿಸಿತ್ತು. ಬರವಣಿಗೆಯ ಪರೀಕ್ಷೆ ದಾಟಿದರೂ ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ಎರಡು ಸಲ ಅಂಕ ಸಾಲಲಿಲ್ಲ. ಮೂರನೆಯ ಸಲವೂ ಹಾಗೇ ಆದರೆ ಆ ಕೆಲಸ ಬೇರೆಯವರ ಪಾಲು.

೧. ಅತ್ತಿಯವರಿಗೆ ಅನಸೂದು

ಈ ಪರೀಕ್ಷೆಯಲ್ಲಿ ಮಾತುಮಾತಿಗೆ "ನಿಮಗೇನು ಅನ್ನಿಸುತ್ತದೆ?" ಎಂದು ಕೇಳುತ್ತಾರೆ. ನಮ್ಮ ಕಡೆ ಹಿರಿಯರು ಕೂತಲ್ಲಿ ಸೊಸೆಯಾದವಳನ್ನು ಹಾಗೆ ಯಾರು ಕೇಳಿದ್ದಾರೆ? ಮೊದಲ ದಿನ ಕೇಳಿದೆ: ಹಳ್ಳಿ ಛಲೋನೋ, ಪ್ಯಾಟಿ ಛಲೋನೋ?

"ನೀವು ಹಿರಿಯರದೀರಿ ಸರ್. ನೀವ ಹೇಳ್ರಿ."

"ನಾ ಅಲ್ಲವಾ, ನೀ ಹೇಳಬೇಕು. ‘ಇನ್ ಮೈ ಒಪೀನಿಯನ್’ ಅಂತ ಶುರು ಮಾಡು."

ಆಕೆ ಸೆರಗು ಸರಿಮಾಡಿಕೊಂಡು, ‘ಇನ್ ಮೈ ಒಪೀನಿಯನ್’ ಎಂದು ತಡೆದು, ತಮ್ಮ ಅತ್ತೆಯವರಿಗೆ ಹಳ್ಳಿಯೇ ಇಷ್ಟ ಎಂದು ಇಂಗ್ಲಿಷಿನಲ್ಲಿ ಮುಗಿಸಿದಳು.

"ಅದು ಅತ್ತಿ ಅಭಿಪ್ರಾಯ ಆತು. ನಿಂದು?"

"ಅವರು ಹೇಳೂದು ಸರಿ ಐತಿ ಅನ್ನೂದು ನಂದ್ರಿ."

೨. ಎಲ್ಲದಕ್ಕೂ ಒಗ್ಗರಣೆ

‘ಐ ಥಿಂಕ್’, ‘ಟು ಬಿ ಆನೆಸ್ಟ್’ ಮುಂತಾದ ನಾಲ್ಕು ಮಾತು ಬರೆದುಕೊಟ್ಟು, ಬಾಯಿಗೆ ರೂಢಿಯಾಗುವವರೆಗೆ ಬಳಸು ಎಂದೆ. ಭಕ್ತಿಯಿಂದ ಬಳಸಿದಳು. ಮರುದಿನ ಊರು ಯಾವುದೆಂದರೆ, ಆಕೆಯ ಅಭಿಪ್ರಾಯದಲ್ಲಿ ಬಿಜ್ಜರಗಿ. ಮಕ್ಕಳೆಷ್ಟು ಎಂದರೆ, "ಐ ಥಿಂಕ್, ಟೂ."

"ಮಕ್ಕಳಿಗೆ ‘ಐ ಥಿಂಕ್’ ಯಾಕವಾ? ಎಣಿಸಿಲ್ಲೇನು?"

"ಸಂಜಿಮುಂದ ಓಣಿ ಹುಡುಗ್ರೆಲ್ಲಾ ನಮ್ಮನ್ಯಾಗ ಇರ್ತಾವ್ರಿ ಸರ್. ಖಾತ್ರಿ ಹೆಂಗ ಹೇಳ್ಲಿ?"

೩. ತಿಕೋಟಾದ ಅಜ್ಜ

ಮನೆಯಲ್ಲಿ ಇಂಗ್ಲಿಷ್ ಕೇಳುವವರಿಲ್ಲ, ಹೀಗಾಗಿ ಈಗ ಕೆಲಸ ಮಾಡುವ ಆಸ್ಪತ್ರೆಯಲ್ಲೇ ರೂಢಿಮಾಡಿಕೋ ಎಂದೆ. ತಿಕೋಟಾದ ಅಜ್ಜ ಒಬ್ಬರು ನಾಲ್ಕು ದಿನದಿಂದ ಅಲ್ಲಿದ್ದರು. ಸೂಜಿ ಹಿಡಿದು ಈಕೆ, "ಟು ಬಿ ಆನೆಸ್ಟ್ ಅಜ್ಜಾ, ಇದು ಸ್ವಲ್ಪ ನೋಯ್ತೈತಿ" ಎಂದಳಂತೆ.

"ಹಂಗಂದ್ರ ಏನ ಬೇ?"

"ಖರೆ ಹೇಳಬೇಕಂದ್ರ ಅಂತ್ರಿ."

"ಮತ್ತ ನಾಕ ದಿನಾ ನೋಯೂದಿಲ್ಲ ಅಂತ ಚುಚ್ಚಿದ್ದು?"

ಅಜ್ಜ ದೂರು ಕೊಟ್ಟರೆ ಇಲ್ಲಿನ ಕೆಲಸವೂ ಹೋಯಿತು ಎಂದುಕೊಂಡು ನನ್ನ ಮುಂದೆ ಅತ್ತಳು. ಆದರೆ ಮರುದಿನದಿಂದ ಅಜ್ಜ ಬೇರೆ ಯಾರ ಕೈಗೂ ತೋಳು ಕೊಡಲಿಲ್ಲ.

"ಆಕಿ ಬರ್ಲಿ. ಉಳಿದಾವ್ರು ಇನ್ನೂ ಖರೆ ಹೇಳಿಲ್ಲ."

೪. ಪರೀಕ್ಷಕರ ತಾಯಿ

ಪರೀಕ್ಷೆ ಹುಬ್ಬಳ್ಳಿಯಲ್ಲಿ. ನಾನಿಲ್ಲಿ ಲಿಂಗಪೂಜೆ ಮುಗಿಸಿ, ಆಕೆಯ ಹೆಸರಿನಲ್ಲಿ ಇನ್ನೊಂದು ಪತ್ರಿ ಏರಿಸಿ ಕೂತಿದ್ದೆ. ಮಧ್ಯಾಹ್ನ ಫೋನ್ ಬಂತು.

"ಸರ್, ಎಲ್ಲಾ ಕೆಡಿಸಿಕೊಂಡೆ. ನೀವು ಕಲಿಸಿದ್ದು ಒಂದೂ ನೆನಪಾಗಲಿಲ್ಲ."

ವಯಸ್ಸಾದವರನ್ನು ವೃದ್ಧಾಶ್ರಮದಲ್ಲಿ ಇಡುವುದು ಒಳ್ಳೆಯದಲ್ಲವೇ ಎಂದು ಪರೀಕ್ಷಕರು ಕೇಳಿದ್ದರು. ಮಾತು ಬೆಳೆಯಲಿ ಎಂದು ಅವರು ಹಾಗೆ ಕೆಣಕುವುದು ವಾಡಿಕೆ. ಈಕೆ ಮಾತ್ರ, ಪಾಪ ಈ ಮನುಷ್ಯ ತಾಯಿಯನ್ನು ಅಲ್ಲಿ ಬಿಡಲು ಹೊರಟಿದ್ದಾನೆ ಎಂದು ತಿಳಿದಳು. "ನೋ ಸರ್, ಡೋಂಟ್ ಡೂ" ಎಂದು ಹಿಡಿದವಳು ಬಿಟ್ಟಿಲ್ಲ. ತಾಯಿಗೆ ವಯಸ್ಸೆಷ್ಟು, ಗುಳಿಗೆ ಯಾರು ಕೊಡುತ್ತಾರೆ, ರಾತ್ರಿ ಎದ್ದರೆ ಕೈಹಿಡಿಯುವವರು ಯಾರು, ಎಲ್ಲ ಇಂಗ್ಲಿಷಿನಲ್ಲೇ ಕೇಳಿದ್ದಾಳೆ. ಪರೀಕ್ಷಕರು ಉತ್ತರ ಕೊಡುವ ಹಾಗಿಲ್ಲ, ಸುಮ್ಮನಿದ್ದರು. ಅದನ್ನು ಪಶ್ಚಾತ್ತಾಪ ಎಂದುಕೊಂಡು ಸಮಾಧಾನವನ್ನೂ ಹೇಳಿ ಬಂದಿದ್ದಾಳೆ.

"ಫೇಲ್ ಆದ್ರೂ ಆಗ್ಲಿ ಸರ್, ಒಬ್ಬ ತಾಯಿ ಉಳೀತಾಳ" ಎಂದಳು.

ಫಲಿತಾಂಶ ಬಂದಾಗ ಬೇಕಾಗಿದ್ದಕ್ಕಿಂತ ಹೆಚ್ಚೇ ಅಂಕ ಬಂದಿದ್ದವು. ಕಲಿಸಿದವನು ನಾನು, ಆಡಿಸಿದವನು ಅವನು ಎಂದು ಶಿವನಿಗೆ ಕೈಮುಗಿದೆ. ಪೇಢೆ ಹಿಡಿದು ಬಂದವಳು ನನ್ನ ಕಾಲಿಗೆ ಬಿದ್ದೆದ್ದು, "ಒಂದು ಮಾತು ಮುಚ್ಚಿಟ್ಟಿದ್ದೆ ಸರ್, ಬೈತೀರಿ ಅಂತ" ಎಂದಳು.

"ಏನದು?"

"ಪರೀಕ್ಷಾ ಮುಗದ ಮ್ಯಾಲೆ ಆ ಸರ್ ಮಾತು ಹಿಡಿಯೋ ಮಷೀನ್ ಬಂದ್ ಮಾಡಿ, ನಮ್ಮ ತಾಯಿ ಮೊಳಕಾಲಿಗೆ ಯಾವ ಎಣ್ಣಿ ಛಲೋ, ನಿನ್ನ ಅಭಿಪ್ರಾಯ ಏನು ಅಂತ ಕೇಳಿದ್ರು. ಒಂದು ಹಾಳಿ ಕೊಟ್ರು. ಬರವಣಿಗಿ ಪರೀಕ್ಷಾಕ್ಕಿಂತ ಅದನ್ನ ಛಲೋ ಬರದ ಬಂದೀನ್ರಿ."