ಹಂಪಿಗೆ ಹೊರಟ ದೋಣಿ

ನನ್ನ ಸೋದರಮಾವ ಹಂಪಿಗೆ ಹೊರಟಷ್ಟು ಸಲ ಹೊನ್ನಾಳಿಯಲ್ಲಿ ಇನ್ಯಾರೂ ಹೊರಟಿಲ್ಲ. ಹೋಗಿ ಮುಟ್ಟಿದನೇ ಎಂದು ಮಾತ್ರ ಕೇಳಬೇಡಿ. ನಾನು ಹೊರಟ ಮಾತನ್ನಷ್ಟೇ ಹೇಳುತ್ತಿದ್ದೇನೆ!

ಎಲ್ಲಕ್ಕೂ ಕಾರಣ ನಮ್ಮತ್ತೆಯ ಹೊಟ್ಟೆ. ಬಸ್ಸಾಗಲಿ ಕಾರಾಗಲಿ, ಹತ್ತಿದರೆ ಸಾಕು, ವಾಂತಿ. ಪಕ್ಕದ ನ್ಯಾಮತಿಗೆ ಮದುವೆಗೆ ಹೋದರೂ ಊಟದ ಎಲೆಯ ಮುಂದೆ ಕೂರುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಅಂಥವಳಿಗೆ ಹಂಪಿ ನೋಡುವ ಆಸೆ! ಜೀವಮಾನದಲ್ಲಿ ಗಂಡನ ಹತ್ತಿರ ಕೇಳಿದ್ದು ಅದೊಂದನ್ನೇ.

"ಬಸ್ ಆಗ್ದಿದ್ರೆ ಏನಾತು? ಮನೆ ಹಿಂದೆ ಹೊಳೆ ಐತೆ. ಇದೇ ನೀರು ಹಂಪಿಗೆ ಹೋಗ್ತೈತೆ. ಅದರ ಜೊತಿಗೆ ನಾವೂ ಹೋಗಾಣ" ಎಂದ ಮಾವ. ಎಂದವನು ಸುಮ್ಮನಿದ್ದನೇ? ಹೊನ್ನಾವರದ ಕಡೆಯಿಂದ ಹಳೆಯ ಹಾಯಿದೋಣಿಯೊಂದನ್ನು ಲಾರಿಗೆ ಹೇರಿಸಿಕೊಂಡು ಬಂದೇಬಿಟ್ಟ. ಹಲಗೆಗಳ ಸಂದಿಯಲ್ಲಿ ಆಚೆಯ ದಡ ಕಾಣುತ್ತಿತ್ತು.

"ಇದು ದೋಣಿನೋ, ಜರಡಿನೋ?" ಎಂದಳು ಅತ್ತೆ.

ಮಾವನಿಗೆ ನ್ಯಾಮತಿಯಲ್ಲಿ ತಾಡಪಾಲಿನ ಅಂಗಡಿ. ಭತ್ತ ಒಣಗಿಸುವ ನೀಲಿ ತಾಡಪಾಲನ್ನೇ ಹೊಲಿದು ಹಾಯಿ ಮಾಡಿದ. ಪರೀಕ್ಷೆ ನೋಡಲು ಕೇರಿಗೆ ಕೇರಿಯೇ ದಂಡೆಯಲ್ಲಿ ನೆರೆಯಿತು. ಹಾಯಿ ಏರಿತು, ಗಾಳಿ ತುಂಬಿತು, ಆದರೆ ಬೇವಿನ ಮರಕ್ಕೆ ಕಟ್ಟಿದ್ದ ಹಗ್ಗ ಬಿಚ್ಚುವುದನ್ನೇ ಮಹಾನುಭಾವ ಮರೆತಿದ್ದ! ದೋಣಿ ನಿಂತಲ್ಲೇ ನಿಂತಿತು. ಹಾಯಿ ಕಿತ್ತುಕೊಂಡು ಹಾರಿ, ನೀರಲ್ಲಿ ಮಲಗಿದ್ದ ಎಮ್ಮೆಯ ಮೇಲೆ ಬಿತ್ತು. ಎಮ್ಮೆ ತಾಡಪಾಲು ಹೊದ್ದುಕೊಂಡು ಊರೊಳಗೆ ಓಡಿತು.

"ಎಮ್ಮೆನಾದ್ರೂ ಹೊಂಟ್ತಲ್ಲ ಬಿಡ್ರಿ" ಎಂದಳು ಅತ್ತೆ.

ತ್ಯಾವಣಿಗೆಯಿಂದ ಬಂದ ಬೀಗರೊಬ್ಬರು, "ನಡುವೆ ಅಣೆಕಟ್ಟು ಐತಲ್ರೀ, ಅಲ್ಲೇನು ಮಾಡ್ತೀರಿ?" ಎಂದು ಕೊಕ್ಕೆ ಹಾಕಿದರು.

"ಇಳಿದು ಆಟೋ ಹಿಡೀತೀವಿ. ಆಟೋದಾಗೆ ನಮ್ಮಾಕೆಗೆ ವಾಂತಿ ಬರಲ್ಲ!"

ನಮ್ಮ ಕಡೆ ಒಂದು ಪದ್ಧತಿಯಿದೆ. ಒಳ್ಳೆಯ ಮುಹೂರ್ತದಲ್ಲಿ ಹೊರಡಲು ಆಗದಿದ್ದರೆ ಪ್ರಯಾಣದ ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟುಬರುತ್ತಾರೆ. ಪ್ರಸ್ಥಾನ ಇಡುವುದು ಎನ್ನುತ್ತಾರೆ ಅದಕ್ಕೆ. ಚೀಲ ಮನೆ ಬಿಟ್ಟರೆ ಮನುಷ್ಯ ಹೊರಟ ಹಾಗೆಯೇ ಲೆಕ್ಕ. ಮಳೆಗಾಲ ಮುಗಿದು ಹೊಳೆ ಶಾಂತವಾಯಿತೆಂದರೆ ಮಾವ ಪಂಚಾಂಗ ನೋಡಿಸಿ, ತನ್ನದೊಂದು ಅತ್ತೆಯದೊಂದು ಚೀಲವನ್ನು ಎದುರಿನ ನಮ್ಮ ಮನೆಯಲ್ಲಿ ಇಡುತ್ತಿದ್ದ. ಬೆಳಿಗ್ಗೆ ಹೋಗಿ ದೋಣಿ ನೋಡುತ್ತಿದ್ದ. ಒಳಗೆ ಒಂದು ಹನಿ ಒಸರಿದ್ದರೆ ಮುಗಿಯಿತು! ಸಂದಿಗೆ ಹತ್ತಿ ತುರುಕಿ, ಡಾಂಬರು ಬಳಿದು, ಅದು ಒಣಗುವಷ್ಟರಲ್ಲಿ ಹೊಳೆ ಇಳಿದು ಬಂಡೆಗಳು ಎದ್ದಿರುತ್ತಿದ್ದವು. ಪ್ರಯಾಣ ಮುಂದಿನ ವರ್ಷಕ್ಕೆ.

ಚೀಲಗಳು ಮಾತ್ರ ನಮ್ಮಲ್ಲೇ. ಹಬ್ಬ ಬಂದರೆ ಅತ್ತೆ ನಮ್ಮ ಮನೆಗೆ ಬಂದು ತನ್ನ ಒಳ್ಳೆಯ ಸೀರೆ ತೆಗೆದು ಉಟ್ಟು, ಮರುದಿನ ಮಡಿಸಿ ಮತ್ತೆ ಚೀಲಕ್ಕೇ ಹಾಕುತ್ತಿದ್ದಳು.

"ಮಾವ, ದೋಣಿಗಿಂತ ಡಾಂಬರೇ ಭಾರ ಆಗೈತೆ" ಎಂದು ನಾನು ಕಾಡಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಬರಬರುತ್ತ ಅತ್ತೆ ನಗುವುದನ್ನು ಬಿಟ್ಟಳು.

"ಸ್ವಲ್ಪ ಸೋರಿದ್ರೆ ಸೋರ್ಲಿ ಬಿಡ್ರಿ. ನಾನು ಚೊಂಬಿನಾಗೆ ಮೊಗೆದು ಹಾಕ್ತೀನಿ, ಹೋಗಾಣ" ಎಂದಳು ಒಮ್ಮೆ.

"ಇದೊಂದು ಸಂದಿ ಆಗ್ಲಿ ತಡಿ" ಎಂದ ಮಾವ.

ಹೋಗಬಹುದಿತ್ತು. ಹರಿಹರದ ತನಕವಾದರೂ ಹೋಗಿಬರಬಹುದಿತ್ತು. ಕಳೆದ ಮಳೆಗಾಲದಲ್ಲಿ ಬಂದ ಜ್ವರ ಅತ್ತೆಯನ್ನು ಉಳಿಸಲಿಲ್ಲ.

ಹೊಳೆ ಶಾಂತವಾದ ಮೇಲೆ ಮಾವ ನಮ್ಮ ಮನೆಗೆ ಬಂದ. ಕೈಯಲ್ಲಿ ಡಾಂಬರಿನ ಕಲೆ ಹಾಗೇ ಇತ್ತು.

"ಈ ಸಲ ಒಂದು ಹನಿನೂ ಇಲ್ಲ ಕಣೇ, ಒಣಗಿ ಕುಂತೈತೆ" ಎಂದ. ನಾನು ಕೂರಲು ಚಾಪೆ ಹಾಸಿದೆ.

"ಅವ್ಳಿಗೆ ಈಜು ಬರ್ತಿರ್ಲಿಲ್ಲ. ಅದಕ್ಕೇ ಧೈರ್ಯ ಆಗ್ಲಿಲ್ಲ" ಎಂದು ತಲೆ ತಗ್ಗಿಸಿದ. ಇಷ್ಟು ವರ್ಷ ಹಾಸ್ಯ ಮಾಡಿದ ನಮಗೆ ಯಾರಿಗೂ ಇದು ಹೊಳೆದೇ ಇರಲಿಲ್ಲ.

ಒಳಗಿನಿಂದ ಎರಡೂ ಚೀಲ ತಂದಿಟ್ಟೆ. ಮಾವ ತನ್ನದನ್ನು ಮನೆಗೆ ಒಯ್ಯಲು ಹೆಗಲಿಗೆ ಹಾಕಿಕೊಂಡ. ಅತ್ತೆಯದನ್ನು ಒಮ್ಮೆ ಸವರಿ, ನನ್ನ ಕಡೆಗೇ ಸರಿಸಿದ.

"ಇದು ಇಲ್ಲೇ ಇರ್ಲಿ. ಆಕೆ ಹೊಂಟಾತು. ಹಿಂದೆ ಉಳಿದೋನು ನಾನೇ."